ನೆಟ್ ಬಂದ್ ಮಾಡಿದ ಆದೇಶ ನಮ್ಮ ಕಣ್ಣಿಗೂ ಬೀಳಬೇಡವೇ?

ಮಂಜೇಶ್ವರದ ಅಕ್ಕ:
2019ರ ಡಿಸೆಂಬರ್ 19 ನೆನಪುಂಟಾ? ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆ, ಗೋಲಿಬಾರ್, ಇಬ್ಬರ ಸಾವು. ಆ ರಾತ್ರಿಯಿಂದ ದಕ್ಷಿಣ ಕನ್ನಡದಲ್ಲಿ 48 ಗಂಟೆ ಮೊಬೈಲ್ ಇಂಟರ್‌ನೆಟ್ ಬಂದ್.

ನನ್ನ ಅತ್ತೆ ಆಗ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಗಂಡ ಅವರ ಜೊತೆ, ನಾನು ಮಕ್ಕಳ ಜೊತೆ ಮನೆಯಲ್ಲಿ. ಡಾಕ್ಟರು ಹಳೆಯ ರಿಪೋರ್ಟ್ ಕೇಳಿದರು. ಫೈಲು ನಮ್ಮ ಕಪಾಟಿನಲ್ಲಿತ್ತು. ಜಗಲಿಯ ಬೆಳಕಿನಲ್ಲಿ ಒಂದೊಂದೇ ಹಾಳೆಯ ಫೋಟೊ ತೆಗೆದು ಕಳುಹಿಸಿದೆ. ಎಲ್ಲದಕ್ಕೂ ಒಂದೇ ಟಿಕ್. ಗಡಿಯ ಈಚೆ, ಕೇರಳದ ಮಂಜೇಶ್ವರದಲ್ಲಿ ನನಗೆ ನೆಟ್ ಇತ್ತು, ಆಚೆ ಕರ್ನಾಟಕದಲ್ಲಿ ಅವರಿಗೆ ಇರಲಿಲ್ಲ. ಕೊನೆಗೆ ಫೋನಿನಲ್ಲಿ ಓದಿ ಹೇಳಿದೆ. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಎಷ್ಟು ಅಂತ ಗಂಡ ಮೂರು ಸಲ ಕೇಳಿದರು, ಮದ್ದಿನ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಂಡರು.

ನೆಟ್ ನಿಲ್ಲಿಸುವ ಈ ಅಧಿಕಾರ 2023ರ ದೂರಸಂಪರ್ಕ ಕಾಯ್ದೆಯಲ್ಲೂ ಉಳಿದಿದೆ. 2024ರಲ್ಲಿ ಅದಕ್ಕೆ ಹೊಸ ನಿಯಮಗಳೂ ಬಂದವು. ಸರ್ಕಾರಕ್ಕೆ ಇದು ಬೇಕೇ? ಬೇಕಾದರೆ ಎಷ್ಟು ಬೇಕು?

ನಿವೃತ್ತ ಪೊಲೀಸ್, ಕಾಸರಗೋಡು:
ಅಕ್ಕಾ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಬಂದೋಬಸ್ತಿಗೆ ನಿಂತವನ ಮಾತನ್ನೂ ಕೇಳಿ. ಒಂದು ರಾತ್ರಿ ನಮ್ಮ ಠಾಣೆಯ ವ್ಯಾಪ್ತಿಯಲ್ಲಿ ಒಬ್ಬ ಹುಡುಗ ಸ್ಕೂಟರಿನಿಂದ ಬಿದ್ದ. ಅವನಿಗೆ ಚೂರಿ ಹಾಕಿದ್ದಾರೆ ಅಂತ ವಾಟ್ಸಾಪಿನಲ್ಲಿ ಆಡಿಯೊ ಬಂತು. ಜೀಪು ತಲುಪುವ ಮೊದಲೇ ಜನ ಸೇರಿ ಆಗಿತ್ತು, ಕೆಲವರ ಕೈಯಲ್ಲಿ ಕಲ್ಲೂ ಇತ್ತು. ಆ ಹುಡುಗನೇ ಬ್ಯಾಂಡೇಜು ಕಟ್ಟಿಕೊಂಡು ಬಂದು, ನಾನೇ ಬಿದ್ದದ್ದು ಅಂತ ಹೇಳಿದ ಮೇಲೆ ಗುಂಪು ಚದುರಿತು. ಎಲ್ಲಾ ಸಲ ಹಾಗೆ ಬಚಾವಾಗುವುದಿಲ್ಲ. ಅಧಿಕಾರ ಇರಲೇಬೇಕು.

ಬದಿಯಡ್ಕದ ಮಾಷ್ಟ್ರು:
ಸಾರ್, ಆ ಗುಂಪನ್ನು ಚದುರಿಸಿದ್ದು ನಿಜ ಸುದ್ದಿ ಅಲ್ವಾ? ನೆಟ್ ಬಂದ್ ಮಾಡಿದರೆ ಸುಳ್ಳು ನಿಲ್ಲುವುದಿಲ್ಲ. ಅದು ಫೋನಿನಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಓಡುತ್ತದೆ. ಅದು ಸುಳ್ಳು ಅಂತ ನೀವು ಹೇಳುವ ಮಾತು ಮಾತ್ರ ನಿಲ್ಲುತ್ತದೆ.

2018ರ ಏಪ್ರಿಲ್ 16ರ ವಾಟ್ಸಾಪ್ ಹರತಾಳ ಮರೆತಿರಾ? ಕರೆ ಕೊಟ್ಟವರು ಯಾರು ಅಂತಲೇ ಗೊತ್ತಿಲ್ಲದೆ ಉತ್ತರ ಕೇರಳದಲ್ಲಿ ಅಂಗಡಿ ಮುಚ್ಚಿಸಿದರು, ಬಸ್ಸಿಗೆ ಕಲ್ಲು ಹೊಡೆದರು. ಆಮೇಲೆ ಪೊಲೀಸರು ಮೆಸೇಜಿನ ಜಾಡು ಹಿಡಿದೇ ಮೊದಲು ಹರಡಿದವರನ್ನು ಬಂಧಿಸಿದರು. ಅದು ಸರಿಯಾದ ದಾರಿ. ಅದಕ್ಕೆ ಶ್ರಮ ಜಾಸ್ತಿ, ನಿಜ.

ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ನಿಲ್ಲಿಸಿದ 4ಜಿ ಪೂರ್ತಿಯಾಗಿ ಬಂದದ್ದು 2021ರ ಫೆಬ್ರವರಿಯಲ್ಲಿ. ಕೊರೊನಾ ಕಾಲದಲ್ಲಿ ಅಲ್ಲಿನ ಮಕ್ಕಳು 2ಜಿಯಲ್ಲಿ ಪಾಠ ಕೇಳಿದರು. ನಾನೂ ಆಗ ಆನ್‌ಲೈನ್ ತರಗತಿ ಮಾಡಿದವನು. ಗುಡ್ಡ ಹತ್ತಿ ಸಿಗ್ನಲ್ ಹುಡುಕುತ್ತಿದ್ದ ನನ್ನ ತರಗತಿಯ ಮಕ್ಕಳನ್ನು ನೋಡಿದ್ದೇನೆ. ಅದಕ್ಕೇ ಆ ಸುದ್ದಿ ಓದಿದಾಗ ಸಹಿಸಲು ಆಗಲಿಲ್ಲ. 2021ರಲ್ಲಿ ರಾಜಸ್ಥಾನದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಗೂ ನೆಟ್ ನಿಲ್ಲಿಸಿದರು. ನಕಲು ತಡೆಯುವುದು ಯಾವ ತುರ್ತುಸ್ಥಿತಿ?

ಪೆರ್ಲದ ಕೃಷಿಕ:
ಪರೀಕ್ಷೆಗೆ ಬಂದ್ ಮಾಡುವುದು ತಪ್ಪು, ಒಪ್ಪಿದೆ. ಆದರೆ ಗಲಾಟೆ ಬೇರೆ ಮಾಷ್ಟ್ರೇ. ಎರಡು ದಿನ ಅಡಕೆ ರೇಟು ಗೊತ್ತಾಗದಿದ್ದರೆ ನಾನು ಸಾಯುವುದಿಲ್ಲ. ನನ್ನ ಭಾವನ ಅಂಗಡಿಗೆ ಬೆಂಕಿ ಬಿದ್ದದ್ದನ್ನು ಕಣ್ಣಾರೆ ಕಂಡವನು ನಾನು. ಸಕ್ಕರೆ ಗೋಣಿ ಕರಗಿ ಮೆಟ್ಟಿಲ ಮೇಲೆ ಕಪ್ಪಗೆ ಇಳಿದಿತ್ತು. ಆ ದಿನ ಯಾರಾದರೂ ನೆಟ್ ನಿಲ್ಲಿಸಿದ್ದರೆ ನಾನು ಕೈಮುಗಿಯುತ್ತಿದ್ದೆ.

ಹೊಸಂಗಡಿಯ ವಕೀಲೆ:
ಅಣ್ಣಾ, ಅಂಥ ದಿನದಲ್ಲೂ ಕಾನೂನು ಒಂದು ಲೆಕ್ಕ ಕೇಳುತ್ತದೆ. 2020ರ ಜನವರಿ 10ರಂದು, ಕಾಶ್ಮೀರದ ನೆಟ್ ಬಂದ್ ಪ್ರಶ್ನಿಸಿದ ಅನುರಾಧಾ ಭಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಅವಧಿ ಇಲ್ಲದೆ ನೆಟ್ ನಿಲ್ಲಿಸುವಂತಿಲ್ಲ, ಆದೇಶವನ್ನು ಪ್ರಕಟಿಸಲೇಬೇಕು, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಈಗಿನ ನಿಯಮದಲ್ಲಿ ಒಂದು ಆದೇಶಕ್ಕೆ 15 ದಿನದ ಮಿತಿ ಇದೆ. ಐದು ದಿನದೊಳಗೆ ಪರಿಶೀಲನಾ ಸಮಿತಿ ಕೂಡಬೇಕು.

ತೊಂದರೆ ಆ ಸಮಿತಿಯಲ್ಲೇ ಇದೆ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಅವರ ಜೊತೆ ಇನ್ನಿಬ್ಬರು ಕಾರ್ಯದರ್ಶಿಗಳು. ಆದೇಶ ಹೊರಡಿಸುವುದೂ ಸರ್ಕಾರ, ತಪ್ಪೋ ಸರಿಯೋ ನೋಡುವುದೂ ಸರ್ಕಾರ. ಸಂಸತ್ತಿನ ಸ್ಥಾಯಿ ಸಮಿತಿ 2021ರಲ್ಲೇ ಹೊರಗಿನವರನ್ನೂ ಸೇರಿಸಿ ಅಂದಿತ್ತು. ದೇಶದಲ್ಲಿ ಎಷ್ಟು ಸಲ ನೆಟ್ ನಿಲ್ಲಿಸಿದ್ದಾರೆ ಎಂಬ ಲೆಕ್ಕವನ್ನೇ ಕೇಂದ್ರ ಇಟ್ಟಿಲ್ಲ ಅಂತಲೂ ಹೇಳಿತ್ತು. ಲೆಕ್ಕವೇ ಇಲ್ಲದ ಮೇಲೆ ಇದರಿಂದ ಗಲಭೆ ನಿಂತಿತು ಅಂತ ಹೇಳುವುದು ಹೇಗೆ?

ನಿವೃತ್ತ ಪೊಲೀಸ್, ಕಾಸರಗೋಡು:
ಲೆಕ್ಕ ಇಡಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದು ಪೇಟೆಯಲ್ಲಿ ಗಲಾಟೆಯಾದರೆ ಇಡೀ ಜಿಲ್ಲೆಗೆ ಬಂದ್ ಮಾಡುವುದೂ ಸರಿಯಲ್ಲ. ಆದರೆ ಗುಂಪು ಸೇರುತ್ತಿರುವಾಗ ಸಮಿತಿಗೆ ಹೊರಗಿನವರನ್ನು ಹುಡುಕುತ್ತಾ ಕೂರಲು ಆಗುವುದಿಲ್ಲ.

ಮಂಜೇಶ್ವರದ ಅಕ್ಕ:
ಮೊದಲು ನಿಲ್ಲಿಸಿ, ಮರುದಿನ ಉತ್ತರ ಕೊಡಿ ಸಾರ್. ನಾನು ಕೇಳುವುದು ಅಷ್ಟೇ.

2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕ ಗಡಿ ಮುಚ್ಚಿತು. ರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿ ಗಡಿಯಲ್ಲಿ ಆಂಬುಲೆನ್ಸ್ ತಿರುಗಿ ಬಂತು. ಮಂಗಳೂರಿಗೆ ತಲುಪಲಾಗದೆ ನಮ್ಮವರು ತೀರಿಕೊಂಡರು. ಆದರೂ ಆ ಮಣ್ಣಿನ ರಾಶಿ ಕಣ್ಣಿಗೆ ಕಾಣುತ್ತಿತ್ತು. ಪೇಪರಿನಲ್ಲಿ ಅದರ ಫೋಟೊ ಬಂತು, ಕೇಸು ಆಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸಿ ಅಂತ ಕೇಂದ್ರಕ್ಕೆ ಹೇಳಿತು. ನೆಟ್ ನಿಂತರೆ ತೋರಿಸಲು ಅಂಥ ರಾಶಿ ಇಲ್ಲ. ನಮ್ಮ ಕೈಗೆ ಸಿಗುವುದು ಆ ಆದೇಶದ ಕಾಗದ ಒಂದೇ. 2019ರಲ್ಲಿ ಅದನ್ನೂ ನಾನು ಕಾಣಲಿಲ್ಲ. ರಿಚಾರ್ಜ್ ಮುಗಿದಿರಬೇಕು ಅಂತ ನನ್ನ ಗಂಡ ಮೊದಲು ನೂರು ರೂಪಾಯಿ ಹಾಕಿಸಿದ್ದರು.

ಮಂಗಳೂರಿನ ಆದೇಶ ನಮ್ಮ ಮನೆಯನ್ನೂ ಮುಟ್ಟುತ್ತದೆ. ನಾವು ಆ ರಾಜ್ಯದವರಲ್ಲ, ಹಾಗಾಗಿ ಹೇಳುವವರಿಲ್ಲ. ನಾಳೆ ನಮ್ಮ ಜಿಲ್ಲೆಯಲ್ಲೇ ಬಂದ್ ಆದರೆ ಕಾಗದ ಮಲಯಾಳದಲ್ಲಿ ಬರುತ್ತದೆ. ನನ್ನ ಅತ್ತೆಗೆ ಓದಲು ಬರುವುದು ಕನ್ನಡ ಮಾತ್ರ.

ಹೊಸಂಗಡಿಯ ವಕೀಲೆ:
ಅಕ್ಕಾ, ಎರಡೂ ರಾಜ್ಯಗಳ ಗೃಹ ಇಲಾಖೆಗೆ ಮನವಿ ಬರೆಯೋಣ. ಆದೇಶ ಅದೇ ದಿನ ಎರಡೂ ಭಾಷೆಯಲ್ಲಿ ಬರಲಿ, ಪಂಚಾಯತಿನ ಬೋರ್ಡಿಗೂ ಅಂಟಿಸಲಿ. ನೆಟ್ ಇಲ್ಲದ ಹೊತ್ತಿನಲ್ಲಿ ವೆಬ್‌ಸೈಟಿಗೆ ಹಾಕಿದರೆ ಯಾರು ನೋಡುತ್ತಾರೆ?

ಪೆರ್ಲದ ಕೃಷಿಕ:
ಅಷ್ಟಾದರೆ ನನ್ನ ಸಹಿಯೂ ಉಂಟು. ಅಧಿಕಾರವನ್ನೇ ತೆಗೆಯಿರಿ ಅಂತ ಬರೆದರೆ ನಾನಿಲ್ಲ.

ಬದಿಯಡ್ಕದ ಮಾಷ್ಟ್ರು:
ನಾನು ಅದನ್ನೂ ಬರೆಯಬೇಕು ಅನ್ನುವವನು. ಇರಲಿ, ಆ ಜಗಳ ಆಮೇಲೆ ಆಡೋಣ. ಶನಿವಾರ ಮಧ್ಯಾಹ್ನದ ನಂತರ ಬಿಡುವಿದ್ದೇನೆ. ಕನ್ನಡ ಪ್ರತಿ ನಾನು ಬರೆದು ತರುತ್ತೇನೆ.