ಡಿಸೈನ್ ಥಿಂಕಿಂಗ್‌ನಿಂದ ಮಕ್ಕಳು ಬಾಯಿ ಬಿಟ್ಟರಾ? ಅನುಭವ ಹೇಳಿ

ಬೆಳಗಾವಿ ಲೆಕ್ಚರರ್: 5ನೇ ಸೆಮಿಸ್ಟರ್ ಕಂಪ್ಯೂಟರ್ ಸೈನ್ಸ್, 62 ಮಕ್ಕಳು. ಕೋಡ್ ಚೆನ್ನಾಗಿ ಬರೆಯುತ್ತಾರೆ, ನಾಲ್ಕು ಜನರ ಮುಂದೆ ಮಾತೇ ಬರಲ್ಲ. ಡಿಸೈನ್ ಥಿಂಕಿಂಗ್ (ಬಳಸುವವರ ಕಷ್ಟ ಕೇಳಿ, ಅದಕ್ಕೆ ಪರಿಹಾರ ಮಾಡಿ ನೋಡುವ ವಿಧಾನ) ಮೂಲಕ ಮಾತು, ಟೀಮ್‌ವರ್ಕ್‌ನಂಥ ಸಾಫ್ಟ್ ಸ್ಕಿಲ್ಸ್ ಕಲಿಸಿದವರು ಯಾರಾದರೂ ಇದ್ದೀರಾ?

ಬಾಗಲಕೋಟೆ ಮೇಡಂ: ಎರಡು ವರ್ಷದಿಂದ ಮಾಡುತ್ತಿದ್ದೇನೆ. ಮೊದಲ ವರ್ಷ ಪೂರ್ತಿ ಹಾಳು. ಸ್ಟಿಕಿ ನೋಟ್ 1,150 ರೂಪಾಯಿ, ಚಾರ್ಟು, ಮಾರ್ಕರ್ 840. ಕೊಟ್ಟ ಬಿಲ್ ಇನ್ನೂ ಪಾಸಾಗಿಲ್ಲ. ಫ್ಯಾನ್ ಹಾಕಿದರೆ ಚೀಟಿಯೆಲ್ಲ ನೆಲಕ್ಕೆ. ಮಕ್ಕಳು ಕ್ಲಾಸಲ್ಲೇ ಕೂತು ಬಳಕೆದಾರರ ಕಷ್ಟವನ್ನು ಸುಮ್ನೆ ಊಹಿಸಿ ಬರೆದರು.

ಮರುವರ್ಷ 14 ಮಕ್ಕಳನ್ನು ಇಳಕಲ್‌ಗೆ ಕರೆದೊಯ್ದೆ. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ, ಹುಡುಗರ ಟಿಕೆಟ್ ನನ್ನ ಲೆಕ್ಕ. ಸೀರೆ ಮಾರುವ ಆ್ಯಪ್ ಮಾಡೋದು ಅಂತ ಎಲ್ಲರೂ ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದರು. ಮಗ್ಗದ ಅಜ್ಜ ಹೇಳಿದರು: "ಸೆರಗಿನ ಹಾಸು, ಅಂದ್ರೆ ಉದ್ದದ ದಾರ, ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಸೇರಿಸಬೇಕು, ಸೀರೆ ಸೀರೆಗೂ. ನಿಮ್ಮ ಫೋನು ಇದನ್ನ ಮಾಡ್ತದೇನು?" ಕ್ಲಾಸಲ್ಲಿ ತುಟಿ ಬಿಚ್ಚದ ಒಬ್ಬ ಹುಡುಗಿ ಅವರ ಪಕ್ಕ ನೆಲದ ಮೇಲೆ ಕೂತು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದಳು.

ವಿಜಯಪುರದ ಟೆಸ್ಟರ್: ನಾನು ಇದನ್ನು ವಿದ್ಯಾರ್ಥಿಯಾಗಿ ಅನುಭವಿಸಿದವನು. ತಂಡದಲ್ಲಿ ಐದು ಜನ, ಪ್ರೊಟೊಟೈಪ್ (ಪ್ರಯೋಗದ ಮಾದರಿ) ಮಾಡಿದ್ದು ಇಬ್ಬರು, ಅಂಕ ಐವರಿಗೂ 18. ಡೆಮೋ ಹಿಂದಿನ ರಾತ್ರಿ ಜಗಳವಾಗಿ ರೂಮ್‌ಮೇಟ್ ಇವತ್ತಿಗೂ ಮಾತು ಬಿಟ್ಟಿದ್ದಾನೆ. ಟೀಮ್‌ವರ್ಕ್ ಅಂದರೆ ಇದೇನಾ?

ಬಾಗಲಕೋಟೆ ಮೇಡಂ: ಅದು ಅಂಕ ಹಾಕಿದವರ ತಪ್ಪು. ನಾನು ಪ್ರತಿ ಶುಕ್ರವಾರ ಒಬ್ಬೊಬ್ಬರ ಡೈರಿ ನೋಡಿಯೇ ಅಂಕ ಹಾಕುತ್ತೇನೆ.

ವಿಜಯಪುರದ ಟೆಸ್ಟರ್: ಇಲ್ಲಿ ಕೇಳಿದವರಿಗೆ 62 ಮಕ್ಕಳಿದ್ದಾರೆ ಮೇಡಂ. ಅಷ್ಟು ಡೈರಿ ಯಾರು ಓದ್ತಾರೆ?

ಬಾಗಲಕೋಟೆ ಮೇಡಂ: ನಾನು ಓದಿದ್ದೇನೆ. ಕಣ್ಣುನೋವು ಬಂದು ಕನ್ನಡಕದ ನಂಬರೂ ಜಾಸ್ತಿಯಾಯಿತು. ನಿಮಗೆ ಆದ ಅನ್ಯಾಯಕ್ಕೆ ಪಾಠವನ್ನೇ ಬಯ್ಯಬೇಡಿ.

ನಿವೃತ್ತ ಮೇಷ್ಟ್ರು, ಬೆಳಗಾವಿ: ಜಗಳ ಬಿಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ ಮೊದಲ ವರ್ಷವೇ ಇದು 1 ಕ್ರೆಡಿಟ್ ವಿಷಯ, ಅಲ್ವಾ? ಎಂಪಥೈಸ್ (ಕಷ್ಟ ಅರಿಯೋದು), ಡಿಫೈನ್ (ಸಮಸ್ಯೆ ಗುರುತಿಸೋದು), ಐಡಿಯೇಟ್ (ಉಪಾಯ ಹುಡುಕೋದು), ಪ್ರೊಟೊಟೈಪ್, ಟೆಸ್ಟ್ ಅಂತ ಮಕ್ಕಳು ಐದೂ ಹಂತ ಒಪ್ಪಿಸುತ್ತಾರೆ. ಒಬ್ಬರ ಮನೆಗೆ ಹೋಗಿ ಕಷ್ಟ ಕೇಳು ಅಂದರೆ ಹಿಂದೇಟು ಹಾಕುತ್ತಾರೆ.

ವಿಜಯಪುರದ ಟೆಸ್ಟರ್: ಅಜ್ಜನ ಹತ್ತಿರ ಕನ್ನಡದಲ್ಲಿ ಮಾತಾಡಿದರೆ ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಬರುತ್ತಾ ಸರ್? ನನ್ನನ್ನು ಮೂರು ಸಲ ವಾಪಸ್ ಕಳಿಸಿದ್ದು ಇಂಗ್ಲಿಷಿಗೇ.

ನಿವೃತ್ತ ಮೇಷ್ಟ್ರು: ಮೊದಲು ಭಯ ಹೋಗಲಿ ತಮ್ಮಾ, ಭಾಷೆ ಆಮೇಲೆ.

ವಿಜಯಪುರದ ಟೆಸ್ಟರ್: ಕೆಲಸ ಮಾಡಿ ನಿವೃತ್ತರಾದವರು ಹಾಗೆ ಹೇಳಬಹುದು.

ಬಾಗಲಕೋಟೆ ಮೇಡಂ: ಆ ಹುಡುಗಿ ವರದಿಯನ್ನು ಇಂಗ್ಲಿಷಿನಲ್ಲೇ ಹೇಳಿದಳು. ಕೊಂಡಿ ಅನ್ನೋದಕ್ಕೆ ಇಂಗ್ಲಿಷ್ ಸಿಗದೆ ತನ್ನ ದುಪಟ್ಟಾದ ದಾರ ಎಳೆದು ತೋರಿಸಿದಳು. ನಡುವೆ ಎರಡು ಕಡೆ ಮಾತು ತಡೆದು ನಿಂತಳು, ನೀರು ಕುಡಿದಳು, ಪೂರ್ತಿ ಮುಗಿಸಿದಳು.