ಕಾರ್ಡು ಎಪಿಎಲ್ ಆದರೆ ಚಿಕಿತ್ಸೆಯ ನೆರವು ಎಷ್ಟು ಉಳಿಯುತ್ತದೆ?

ಪ್ರಶ್ನೆ (ಶಿರಸಿ): ಪರಿಷ್ಕರಣೆಯಲ್ಲಿ ನಮ್ಮ ಬಿಪಿಎಲ್ ಕಾರ್ಡು ಎಪಿಎಲ್ ಆಗಿದೆ. ಆಯಿಯ ಹೃದಯದ ಶಸ್ತ್ರಚಿಕಿತ್ಸೆ ಹುಬ್ಬಳ್ಳಿಯಲ್ಲಿ ಆಗಬೇಕಿದ್ದು, ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಪೂರ್ತಿ ತಪ್ಪುತ್ತದೆಯೇ?

ಉತ್ತರ (ಕಾರವಾರ): ತಪ್ಪುವುದಿಲ್ಲ, ಆದರೆ ಬಹಳ ಕುಗ್ಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆಯಿದ್ದರೆ, ಎಪಿಎಲ್ ಕುಟುಂಬಕ್ಕೆ ಸಿಗುವುದು ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ. 30, ಅದೂ 1.5 ಲಕ್ಷದ ಮಿತಿಯೊಳಗೆ. ಆಸ್ಪತ್ರೆಯ ಬಿಲ್ಲಿನ ಶೇ. 30 ಅಲ್ಲವೆಂಬುದು ಹಲವರಿಗೆ ಡಿಸ್ಚಾರ್ಜ್ ದಿನವೇ ಗೊತ್ತಾಗುವುದು. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಪಡೆಯಿರಿ.

ಉತ್ತರ (ಕುಮಟಾ): ತಾವು ಸಹಕಾರಿ ಸೊಸೈಟಿಯ ಸದಸ್ಯರೇ? 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನಗೊಂಡಿದ್ದ, ಸಹಕಾರಿ ಸದಸ್ಯರಿಗಾಗಿನ ಆರೋಗ್ಯ ಯೋಜನೆ ಯಶಸ್ವಿನಿಯನ್ನು ಸರ್ಕಾರ 2022-23ರಲ್ಲಿ ಮರುಜಾರಿಗೊಳಿಸಿದೆ. ಆದರೆ ನೋಂದಣಿಯ ಅವಧಿ ಮುಗಿದಿದ್ದರೆ ಈ ಸಲಕ್ಕೆ ಅದು ಒದಗದು.

ಪ್ರಶ್ನೆ ಕೇಳಿದವರು: ಸದಸ್ಯರೇ ಹೌದು. ಸೊಸೈಟಿಯ ಕಾರ್ಯದರ್ಶಿಯವರಲ್ಲಿ ನಾಳೆಯೇ ವಿಚಾರಿಸುತ್ತೇನೆ.