ಓದುಗರ ಸ್ಪಂದನ: ಎಂ.ಎ. ಸಮಾಜಶಾಸ್ತ್ರ ಆದವಳು ಡೇಟಾ ಸೈನ್ಸ್ ಕಲಿಯಬಹುದಾ?

ಹಾಸನದ ಓದುಗಿಯೊಬ್ಬರು ಕೇಳಿದ್ದರು: ಸಮಾಜಶಾಸ್ತ್ರದಲ್ಲಿ ಎಂ.ಎ. ಆಗಿದೆ. ಗಣಿತ ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಈಗ ಡೇಟಾ ಸೈನ್ಸ್, ಅಂದರೆ ಅಂಕಿಅಂಶಗಳಿಂದ ಅರ್ಥ ಹುಡುಕುವ ವಿದ್ಯೆ, ಕಲಿಯುವ ಆಸೆ. ಅಣ್ಣ ಎಂಜಿನಿಯರ್. ‘ನಿನ್ನ ಕೈಲಿ ಆಗಲ್ಲ, ಸುಮ್ನೆ ಬಿ.ಎಡ್. ಮಾಡ್ಕೋ’ ಅಂತಾನೆ. ಕೋಚಿಂಗ್‌ನವರು ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಏನು ಮಾಡಲಿ?

ಓದುಗಿ, ಬೆಂಗಳೂರು

ತಂಗೀ, ಆ ಒಂದೂವರೆ ಲಕ್ಷ ಮಾತ್ರ ಕಟ್ಟಬೇಡ. ನಾನು ಕಟ್ಟಿ ಕೈ ಸುಟ್ಟುಕೊಂಡವಳು. ಪಿಯುಸಿಯಲ್ಲಿ ಎಚ್‌ಇಪಿಎಸ್ (ಗಣಿತ ಇಲ್ಲದ ಆರ್ಟ್ಸ್), ಆಮೇಲೆ ರಾಜ್ಯಶಾಸ್ತ್ರದಲ್ಲಿ ಎಂ.ಎ. ನಾನು ಸೇರಿದ ಕಡೆ ಮೊದಲ ವಾರ ಪೈಥಾನ್ ಅನ್ನೋ ಕೋಡಿಂಗ್ ಭಾಷೆ, ಮೂರನೇ ವಾರಕ್ಕೇ ಮಷೀನ್ ಲರ್ನಿಂಗ್, ಅಂದರೆ ಡೇಟಾದಿಂದ ಕಂಪ್ಯೂಟರೇ ಕಲಿಯೋ ಹಾಗೆ ಮಾಡೋದು. ಮೀನ್ (ಸರಾಸರಿ) ಯಾವಾಗ ಹಿಡಿಯಬೇಕು, ಮೀಡಿಯನ್ (ಸಾಲಿನ ನಡುವಿನ ಸಂಖ್ಯೆ) ಯಾವಾಗ ಅನ್ನೋದೇ ನನಗೆ ಗೊತ್ತಿರಲಿಲ್ಲ. ಸರ್ ಬರೆದ ಕೋಡ್ ಕಾಪಿ ಮಾಡಿ ರನ್ ಮಾಡ್ತಿದ್ದೆ, ಉತ್ತರ ಬರ್ತಿತ್ತು, ಅದು ಏನು ಹೇಳ್ತಿದೆ ಅಂತ ಯಾರಾದರೂ ಕೇಳಿದರೆ ಮಾತ್ರ ಮಿಕಿಮಿಕಿ ನೋಡ್ತಿದ್ದೆ. ಕೊನೆಗೆ ಕೊಡಿಸಿದ ‘ಪ್ಲೇಸ್‌ಮೆಂಟ್’ ಟೆಲಿಕಾಲರ್ ಕೆಲಸ!

ಆಮೇಲೆ ಉಲ್ಟಾ ಹೋದೆ. ಎಸ್ಸೆಸ್ಸೆಲ್ಸಿ ಗಣಿತ ಪುಸ್ತಕದ ಸಂಖ್ಯಾಶಾಸ್ತ್ರ, ಸಂಭವನೀಯತೆ ಪಾಠಗಳಿಂದ ಶುರು ಮಾಡಿದೆ. ಮನೆಯಲ್ಲಿ ನಕ್ಕರು, ನಗಲಿ. ಮುಂದಕ್ಕೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಪೋರ್ಟಲ್. ಅಲ್ಲಿ ಕಲಿಯೋಕೆ ಕಾಸು ಬೇಡ, ಸರ್ಟಿಫಿಕೇಟಿನ ಪರೀಕ್ಷೆಗಷ್ಟೇ ಫೀಸು. ಡಿಗ್ರಿಯೇ ಬೇಕು ಅನ್ನಿಸಿದರೆ ಐಐಟಿ ಮದ್ರಾಸಿನವರು 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಆನ್‌ಲೈನ್ ಕೋರ್ಸ್ ನೋಡು, ಈಗ ಅದು ಬಿ.ಎಸ್. ಡಿಗ್ರಿ. ಪಿಯುಸಿ ಆರ್ಟ್ಸ್ ಆದರೂ ನಡೆಯುತ್ತೆ. ಹತ್ತನೇ ಕ್ಲಾಸಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು ಅಷ್ಟೇ, ಜೆಇಇ ಬೇಕಿಲ್ಲ. ನಾಲ್ಕು ವಾರ ಅವರೇ ಪಾಠ ಮಾಡಿ, ಅದರ ಮೇಲೇ ಕ್ವಾಲಿಫೈಯರ್ ಪರೀಕ್ಷೆ ಇಡುತ್ತಾರೆ. ಸುಲಭ ಅಂದ್ಕೋಬೇಡ, ಆದರೆ ನಿನ್ನಿಂದ ಆಗುತ್ತಾ ಇಲ್ವಾ ಅನ್ನೋದು ಅಣ್ಣನ ಬಾಯಿಂದಲ್ಲ, ಅಲ್ಲೇ ಗೊತ್ತಾಗುತ್ತೆ.

ಓದುಗಿ, ಬಂಟ್ವಾಳ

ನಿಮ್ಮ ಪ್ರಶ್ನೆ ಓದಿದರೆ ಎಂ.ಎ. ದಂಡ ಆಯ್ತೇನೋ ಅಂತ ನಿಮಗೆ ಅನ್ನಿಸಿದ ಹಾಗೆ ಕಾಣ್ತದೆ, ಅದಕ್ಕೇ ಈ ಕತೆ ಹೇಳ್ತೇನೆ. ಸರ್ವೆಗೆ ಹೋಗಿದ್ದಾಗ ಒಂದು ಮನೆಯಲ್ಲಿ ‘ಏನು ಕೆಲಸ ಮಾಡ್ತೀರಿ ಅಕ್ಕ’ ಅಂತ ಕೇಳಿದೆ. ‘ಕೆಲಸ ಎಂತದೂ ಇಲ್ಲ, ಮನೆಯಲ್ಲೇ’ ಅಂದರು. ಹಾಗನ್ನುವಾಗ ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ಬೆರಳು ನಿಲ್ಲದೆ ಬೀಡಿ ಸುತ್ತುತ್ತಿತ್ತು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕಲ್ಲ! ನಾನು ಅವರ ಮಾತನ್ನಷ್ಟೇ ಬರೆದುಕೊಂಡು ಬಂದಿದ್ದರೆ ಆ ಹೆಂಗಸು ಲೆಕ್ಕದಿಂದಲೇ ಹೊರಗೆ.

ಕೇಂದ್ರದವರು 2017ರಿಂದ ಮಾಡುತ್ತಿರುವ ಪಿಎಲ್‌ಎಫ್‌ಎಸ್ ಉದ್ಯೋಗ ಸಮೀಕ್ಷೆಯಲ್ಲಿ 92 ಅಂತ ಒಂದು ಕೋಡ್ ಇದೆ, ಮನೆಗೆಲಸ ಮಾತ್ರ ಮಾಡುವವರು ಅಂತ. ಮನೆಯ ದನ, ತೋಟ, ಅಂಗಡಿಯಲ್ಲಿ ಸಂಬಳ ಇಲ್ಲದೆ ದುಡಿದರೆ ಅದೇ ಹೆಂಗಸಿಗೆ 21 ಬರಬೇಕು, ಆಗ ಅವರು ದುಡಿಯುವವರ ಲೆಕ್ಕಕ್ಕೆ ಸೇರುತ್ತಾರೆ. 92ರ ಹಿಂದೆ ಎಷ್ಟು ಮೊರ, ಎಷ್ಟು ಕೊಟ್ಟಿಗೆ ಅಡಗಿದೆ ಅಂತ ಅನುಮಾನ ಪಡೋದು ನಿಮ್ಮ ಓದು ಕಲಿಸಿದ ಬುದ್ಧಿ. ಆ ಸಮೀಕ್ಷೆಯ ಕಚ್ಚಾ ಡೇಟಾ ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದರೆ ಪುಕ್ಕಟೆ ಸಿಗ್ತದೆ. ಕೋರ್ಸಿನವರು ಅಭ್ಯಾಸಕ್ಕೆ ಕೊಡುವ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ ಬದಲು ಇದರಲ್ಲಿ ಕೈ ಪಳಗಿಸಿ.

ಓದುಗ, ಹೊಸಪೇಟೆ

ಮೇಡಂ, ನಮ್ಮ ಆಫೀಸಿನ ಒಂದು ತಮಾಷೆ. ಹೊಸದಾಗಿ ಬಂದ ಹುಡುಗ, ಕೋಡಿಂಗ್‌ನಲ್ಲಿ ಬಲು ಚುರುಕು. ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಭಾರೀ ಕುಸಿದಿದೆ ಅಂತ ಕೆಂಪು ಬಣ್ಣದಲ್ಲಿ ಚಾರ್ಟ್ ಮಾಡಿ ತಂದ. ಏನಪ್ಪಾ, ಜನ ಎಲ್ಲಿ ಹೋದರು ಅಂದರೆ ‘ವಲಸೆ ಸರ್’ ಅಂದ. 2011ರ ಜನಗಣತಿಯಲ್ಲಿ ಬಳ್ಳಾರಿಗೆ ಸುಮಾರು 24.5 ಲಕ್ಷ ಜನ ಇದ್ದದ್ದು ನಿಜ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯ್ತಲ್ಲ, ಅದು ಅವನ ಫೈಲಿನಲ್ಲಿ ಇರಲಿಲ್ಲ. ಆ ಹೊಸ ಜಿಲ್ಲೆಯ ಕೇಂದ್ರ ಹೊಸಪೇಟೆಯಲ್ಲೇ ಕೂತು ಮಾಡಿದ ಚಾರ್ಟು ನೋಡಿ! ಬರೀ ಕೋಡಿಂಗ್ ಸಾಲದು ಮೇಡಂ, ಅಂಕಿ ಹಿಂದಿನ ಊರೂ ಗೊತ್ತಿರಬೇಕು.

ಓದುಗ, ಹುಬ್ಬಳ್ಳಿ

ಎಲ್ಲರೂ ಹುರಿದುಂಬಿಸುತ್ತಿದ್ದೀರಿ, ನಾನು ಸ್ವಲ್ಪ ತಣ್ಣೀರು ಹಾಕ್ತೀನಿ. ‘ಡೇಟಾ ಸೈಂಟಿಸ್ಟ್’ ಅನ್ನೋ ಹುದ್ದೆಗೇ ಕಾಯುತ್ತ ಕೂತರೆ ಎಂಜಿನಿಯರಿಂಗ್ ಹುಡುಗರ ಸಾಲು ದೊಡ್ಡದಿದೆ. ಮೊದಲು ಎಕ್ಸೆಲ್ ಸರಿಯಾಗಿ ಕಲಿಯಿರಿ, ರಾಶಿ ಡೇಟಾವನ್ನು ಗುಂಪು ಮಾಡಿ ಲೆಕ್ಕ ತೋರಿಸುವ ಪಿವಟ್ ಟೇಬಲ್ ಕಣ್ಣು ಮುಚ್ಚಿ ಮಾಡುವಷ್ಟು. ಆಮೇಲೆ ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್, ಆಮೇಲೆ ಕೋಡಿಂಗ್ ಭಾಷೆಗಳಾದ ‘ಆರ್’ ಇಲ್ಲಾ ಪೈಥಾನ್, ಎರಡರಲ್ಲಿ ಒಂದು. ಎನ್‌ಜಿಒಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ ಸರ್ವೆ ಡೇಟಾ ನೋಡಿಕೊಳ್ಳುವ ಕೆಲಸ ಇರುತ್ತವೆ. ಸಂಬಳ ಐಟಿಯಷ್ಟು ಇರಲ್ಲ. ಆದರೆ ಅಲ್ಲಿ ನಿಮ್ಮ ಎಂ.ಎ. ಕೇಳಿಯೇ ಒಳಗೆ ಕರೀತಾರೆ. ಬಿ.ಎಡ್. ಅನ್ನೂ ಬೈಬೇಡಿ, ನನ್ನ ಹೆಂಡತಿ ಟೀಚರ್.

ಓದುಗಿ, ಮೈಸೂರು

ನಿಮ್ಮ ಅಣ್ಣನಿಗೆ ಒಂದೇ ಮಾತು. ಅಂಕಿಅಂಶ ವಿಶ್ಲೇಷಿಸುವ ಎಸ್‌ಪಿಎಸ್‌ಎಸ್ ಅನ್ನೋ ಸಾಫ್ಟ್‌ವೇರ್ ಕೇಳಿರಬೇಕಲ್ಲ? ಅದರ ಮೂಲ ಹೆಸರಲ್ಲೇ ‘ಸೋಷಿಯಲ್ ಸೈನ್ಸಸ್’ ಇದೆ. 1968ರಲ್ಲಿ ಅದನ್ನು ಕಟ್ಟಿದ ಮೂವರಲ್ಲಿ ನಾರ್ಮನ್ ನೀ ಅನ್ನೋರು ರಾಜ್ಯಶಾಸ್ತ್ರದ ವಿದ್ಯಾರ್ಥಿ. ಇದನ್ನು ಅವರಿಗೆ ಓದಿಸಿ, ಹಾಗೇ ಅವರ ಹಳೇ ಲ್ಯಾಪ್‌ಟಾಪ್ ಇಸ್ಕೊಂಡುಬಿಡಿ.